ಅಳಿಲಿಗೆ ಮೂರು, ಸಿನಾಟ್ರಾಗೆ ಒಂದು

ಬಹುಮಾನಗಳ ಪಟ್ಟಿಯನ್ನು ಓದುವುದರಲ್ಲಿ ಒಂದು ಬಗೆಯ ಸುಖವಿದೆ. ಪಟ್ಟಿ ಹಳೆಯದಾಗಿದ್ದರೆ ಆ ಸುಖ ಇಮ್ಮಡಿ. ಅಂದು ಬಿರುದು ಹೊತ್ತು ಮೆರೆದವರಲ್ಲಿ ಯಾರು ಉಳಿದರು, ಯಾರು ಮರೆಯಾದರು, ಬಾಗಿಲ ಹೊರಗೇ ನಿಂತವರಲ್ಲಿ ಯಾರು ಆಮೇಲೆ ಮನೆಯ ಯಜಮಾನರೇ ಆಗಿಬಿಟ್ಟರು ಎಂಬುದನ್ನೆಲ್ಲ ಕಾಲ ಅಂಚಿನಲ್ಲಿ ಬರೆದಿಟ್ಟಿರುತ್ತದೆ. ಈ ವಾರ ವಾಚಕರ ಮುಂದೆ ಅಂಥ ಒಂದು ಪಟ್ಟಿಯನ್ನು ಬಿಡಿಸಬೇಕೆಂದಿದ್ದೇನೆ. ಅಮೆರಿಕದ ಗ್ರಾಮಿ ಪಾರಿತೋಷಕಗಳ ಮೊಟ್ಟಮೊದಲ ಸಮಾರಂಭದ ಪಟ್ಟಿ ಅದು. ದಿನಾಂಕ, 1959ನೆಯ ಇಸವಿ ಮೇ 4.

ಇಂದು ಗ್ರಾಮಿ ಎಂದರೆ ಜಗತ್ತೆಲ್ಲ ಕಣ್ಣರಳಿಸಿ ನೋಡುವ ಜಾತ್ರೆ. ನಮ್ಮವರೊಬ್ಬರಿಗೆ ಬಂದರೆ ಮರುದಿನ ಬೆಂಗಳೂರಿನ ಪತ್ರಿಕೆಗಳ ಮುಖಪುಟದಲ್ಲಿ ಅವರ ಚಿತ್ರ. ಆದರೆ ಮೊದಲ ಸಲ ಅದು ದೊಡ್ಡ ಮನೆಯ ಮದುವೆಯ ಆರತಕ್ಷತೆಯಂತೆ ನಡೆದ ಒಂದು ಭೋಜನಕೂಟ. ದೂರದರ್ಶನದಲ್ಲಿ ನೇರ ಪ್ರಸಾರವಿರಲಿಲ್ಲ. ಒಂದೇ ರಾತ್ರಿ ಎರಡು ಊರುಗಳಲ್ಲಿ ಕೂಟ ಸೇರಿತ್ತು: ಕ್ಯಾಲಿಫೋರ್ನಿಯದ ಬೆವರ್ಲಿ ಹಿಲ್ಸಿನಲ್ಲಿರುವ ಬೆವರ್ಲಿ ಹಿಲ್ಟನ್ ಹೋಟೆಲಿನಲ್ಲಿ ಒಂದು, ನ್ಯೂಯಾರ್ಕಿನ ಪಾರ್ಕ್ ಶೆರಟನ್ ಹೋಟೆಲಿನಲ್ಲಿ ಇನ್ನೊಂದು. ಹಂಚಿದ ಪಾರಿತೋಷಕಗಳು ಒಟ್ಟು 28. ಅವೆಲ್ಲವೂ 1958ರ ಧ್ವನಿಮುದ್ರಿಕೆಗಳಿಗೆ ಸಂದವು.

ಈ ಬಹುಮಾನ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. ಹಾಲಿವುಡ್ಡಿನ ಬೀದಿಯ ಕಾಲುದಾರಿಯಲ್ಲಿ ಪ್ರಸಿದ್ಧರ ಹೆಸರಿನ ಹಿತ್ತಾಳೆಯ ನಕ್ಷತ್ರಗಳನ್ನು ಹೂಳಬೇಕೆಂದು ಅಲ್ಲಿನ ವಾಣಿಜ್ಯ ಮಂಡಳಿ ಯೋಚಿಸಿತು. ಸಂಗೀತಗಾರರಲ್ಲಿ ಯಾರ ಹೆಸರನ್ನು ಹಾಕಬೇಕು ಎಂದು ದೊಡ್ಡ ದೊಡ್ಡ ಗ್ರಾಮಫೋನ್ ಕಂಪನಿಗಳ ಅಧಿಕಾರಿಗಳನ್ನು ಕೇಳಿತು. ಅವರು ಕುಳಿತು ಲೆಕ್ಕ ಹಾಕುವಾಗ, ತಮ್ಮ ವೃತ್ತಿಯಲ್ಲಿ ಗಟ್ಟಿಗರಾದ ಎಷ್ಟೋ ಮಂದಿಗೆ ಆ ಬೀದಿಯ ನಕ್ಷತ್ರ ಎಂದೂ ಸಿಕ್ಕಲಾರದು ಎಂಬುದು ಹೊಳೆಯಿತು. ಜನ ಗುರುತಿಸದಿದ್ದರೇನು, ನಮ್ಮವರನ್ನು ನಾವೇ ಗುರುತಿಸೋಣ ಎಂದು 1957ರಲ್ಲಿ ಲಾಸ್ ಏಂಜಲೀಸಿನಲ್ಲಿ ಒಂದು ಅಕಾಡೆಮಿಯನ್ನು ಕಟ್ಟಿದರು. ಮತ ಹಾಕುವವರು ಅದರ ಸದಸ್ಯರು, ಅಂದರೆ ವೃತ್ತಿಯವರೇ. ಎಷ್ಟು ತಟ್ಟೆ ಮಾರಿತು ಎಂಬುದನ್ನು ನೋಡುವುದಿಲ್ಲ, ಕಲೆಯ ಗುಣವೊಂದನ್ನೇ ನೋಡುತ್ತೇವೆ ಎಂಬುದು ಅವರ ಪ್ರತಿಜ್ಞೆ. ಈ ಪ್ರತಿಜ್ಞೆಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಹೆಸರಿಡುವಾಗ ಎಡಿಸನ್ನನ ನೆನಪಿಗೆ ‘ಎಡ್ಡಿ’ ಎನ್ನೋಣವೆಂಬ ಸೂಚನೆಯೂ ಇತ್ತಂತೆ. ಕೊನೆಗೆ ಎಮಿಲ್ ಬರ್ಲಿನರನ ಗ್ರಾಮಫೋನೇ ಗೆದ್ದಿತು. ಅದರ ಮುದ್ದಿನ ಹೆಸರೇ ಗ್ರಾಮಿ. ಪಾರಿತೋಷಕವೂ ಕಹಳೆ ಹೊತ್ತ ಪುಟ್ಟ ಗ್ರಾಮಫೋನೇ. ನಮ್ಮ ಅಜ್ಜಂದಿರು ನಡುಮನೆಯಲ್ಲಿಟ್ಟು ಕೀಲಿ ತಿರುಗಿಸುತ್ತಿದ್ದ ಯಂತ್ರದ ಮೊಮ್ಮಗು ಎನ್ನಬಹುದು.

ಇರಲಿ, ಪಟ್ಟಿಗೆ ಬರೋಣ.

ವರ್ಷದ ಅತ್ಯುತ್ತಮ ಧ್ವನಿಮುದ್ರಿಕೆ ಯಾವುದು? ಅಮೆರಿಕದವರ ಬಹುಮಾನ, ಅಮೆರಿಕದವರ ಮತ. ಗೆದ್ದದ್ದು ಮಾತ್ರ ಒಂದು ಇಟಲಿಯ ಹಾಡು. ಹಾಡಿದವರು ಡೊಮೆನಿಕೊ ಮೊದುನ್ಯೊ. ಹಾಡಿನ ನಿಜವಾದ ಹೆಸರನ್ನು ಕನ್ನಡಕ್ಕೆ ತಂದರೆ ‘ನೀಲಿ ಬಳಿದ ನೀಲಿಯಲ್ಲಿ’ ಎಂದಾಗುತ್ತದೆ. ಲೋಕಕ್ಕೆ ಅದು ‘ವೊಲಾರೆ’ ಎಂದೇ ಪರಿಚಿತ, ಅಂದರೆ ‘ಹಾರುವುದು’. ಮುಖಕ್ಕೂ ಕೈಗೂ ನೀಲಿಯನ್ನು ಬಳಿದುಕೊಂಡವನೊಬ್ಬನನ್ನು ಗಾಳಿ ಎತ್ತಿಕೊಂಡು ಹೋಗಿ ಆಕಾಶದಲ್ಲಿ ತೇಲಿಸಿದ ಕನಸು ಅದರ ವಸ್ತು.

ಮೊದುನ್ಯೊ ದಕ್ಷಿಣ ಇಟಲಿಯ ಪುಲ್ಯ ಪ್ರಾಂತದವರು. 1928ರಲ್ಲಿ ಪೊಲಿನ್ಯಾನೊ ಎಂಬ ಕಡಲಂಚಿನ ಊರಿನಲ್ಲಿ ಜನಿಸಿದರು. 1958ರ ಆರಂಭದಲ್ಲಿ ಸಾನ್‌ರೆಮೊ ಸಂಗೀತೋತ್ಸವದಲ್ಲಿ ಈ ಹಾಡನ್ನು ಹಾಡಿ ಮೊದಲ ಸ್ಥಾನ ಪಡೆದರು. ಅಂದಿನ ಇಟಲಿಯಲ್ಲಿ ಗಾಯಕನಾದವನು ಎದೆಯ ಮೇಲೆ ಕೈಯಿಟ್ಟುಕೊಂಡು ಗಂಭೀರವಾಗಿ ನಿಂತು ಹಾಡುವುದು ರೂಢಿ. ಮೊದುನ್ಯೊ ಪಲ್ಲವಿ ಬಂದೊಡನೆ ಎರಡು ತೋಳುಗಳನ್ನೂ ಹಕ್ಕಿಯ ರೆಕ್ಕೆಯಂತೆ ಚಾಚಿದರು. ಸಭೆ ಬೆರಗಾಯಿತು, ಇಟಲಿಯ ಜನಪ್ರಿಯ ಸಂಗೀತದಲ್ಲಿ ಅದೊಂದು ಹೊಸ ಯುಗದ ಮೊದಲ ದಿನ ಎಂದು ಇಂದಿಗೂ ಹೇಳುವವರಿದ್ದಾರೆ. ಅದೇ ವರ್ಷ ಯೂರೋಪಿನ ರಾಷ್ಟ್ರಗಳೆಲ್ಲ ಸೇರಿ ನಡೆಸುವ ಯೂರೋವಿಷನ್ ಸ್ಪರ್ಧೆಗೆ ಹೋದರು. ಪ್ರಸಾರ ಕೆಟ್ಟು ಕೆಲವು ದೇಶಗಳಿಗೆ ಹಾಡು ಮುಟ್ಟದೆ, ಕೊನೆಯಲ್ಲಿ ಇನ್ನೊಮ್ಮೆ ಹಾಡಬೇಕಾಯಿತು. ಎರಡು ಸಲ ಹಾಡಿದರೂ ಅಲ್ಲಿ ಸಿಕ್ಕಿದ್ದು ಮೂರನೆಯ ಸ್ಥಾನ. ಅತ್ತ ಅಟ್ಲಾಂಟಿಕ್ ದಾಟಿದ ಅದೇ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿ ಐದು ವಾರ ಕುಳಿತಿತು. ಒಂದು ಪದವೂ ತಿಳಿಯದ ಕೋಟ್ಯಂತರ ಜನ ಅದನ್ನು ಗುನುಗಿದರು.

ಅಂದು ಮೊದುನ್ಯೊಗೆ ಸಂದದ್ದು ಒಂದಲ್ಲ, ಎರಡು ಪಾರಿತೋಷಕ. ಧ್ವನಿಮುದ್ರಿಕೆಗೆ ಒಂದು, ಹಾಡಿನ ರಚನೆಗೆ ಇನ್ನೊಂದು. ಅಲ್ಲಿ ಈ ಎರಡನ್ನೂ ಬೇರೆಬೇರೆಯಾಗಿ ತೂಗುತ್ತಾರೆ. ವಾಗ್ಗೇಯಕಾರನಿಗೆ ಒಂದು ಗೌರವ, ಹಾಡಿ ತಟ್ಟೆಗೆ ಇಳಿಸಿದವರಿಗೆ ಇನ್ನೊಂದು. ಧ್ವನಿಮುದ್ರಿಕೆಯ ಸ್ಪರ್ಧೆಯಲ್ಲಿ ಪೆಗಿ ಲೀ ಎಂಬ ಗಾಯಕಿಯ ‘ಫೀವರ್’ ಕೂಡ ಇತ್ತು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಬರೀ ಒಂದು ದೊಡ್ಡ ತಂತಿವಾದ್ಯದ ಮಂದ್ರ, ತಮಟೆ, ಬೆರಳಿನ ಚಿಟಿಕೆ. ಅವುಗಳ ಮೇಲೆ ಪಿಸುಮಾತಿಗೂ ಹಾಡಿಗೂ ನಡುವಿನ ಒಂದು ಕಂಠ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಅಡುಗೆ ಮಾಡಿದವರು ವಿರಳ. ಆಕೆ ಬರಿಗೈಯಲ್ಲಿ ಮರಳಿದರು. ಮತ ಹಾಕುವ ಹಕ್ಕು ನನಗಿದ್ದಿದ್ದರೆ ಮೊದುನ್ಯೊ ಎರಡರ ಬದಲು ಒಂದನ್ನೇ ಕೊಂಡೊಯ್ಯುತ್ತಿದ್ದರು.

ಆದರೆ ಅಂದಿನ ರಾತ್ರಿ ಮೊದುನ್ಯೊಗಿಂತ ಹೆಚ್ಚು ಪಾರಿತೋಷಕ ಗೆದ್ದವರು ಮೂರು ಅಳಿಲುಗಳು!

ವಾಚಕರು ಇದನ್ನು ಹಾಸ್ಯವೆಂದು ಭಾವಿಸಬಾರದು. ಅಮೆರಿಕದ ಕಾಡುಗಳಲ್ಲಿ ಚಿಪ್ಮಂಕ್ ಎಂಬ ಒಂದು ಪ್ರಾಣಿಯಿದೆ. ಬೆನ್ನ ಮೇಲೆ ಪಟ್ಟೆಯಿರುವ, ನಮ್ಮ ಅಳಿಲಿನ ದಾಯಾದಿ. ಶ್ರೀರಾಮನ ಬೆರಳು ಅಲ್ಲಿಯವರೆಗೂ ಚಾಚಿತ್ತೋ ಏನೋ ಕಾಣೆ. ರಾಸ್ ಬಗ್ದಸಾರಿಯನ್ ಎಂಬ ಗೀತಕಾರ ಡೇವಿಡ್ ಸೆವಿಲ್ ಎಂಬ ಹೆಸರಿನಲ್ಲಿ, ಮೂರು ಚಿಪ್ಮಂಕುಗಳು ಕ್ರಿಸ್‌ಮಸ್ ಹಬ್ಬಕ್ಕೆ ಕಾತರಿಸಿ ಹಾಡುವ ಒಂದು ಹಾಡನ್ನು 1958ರಲ್ಲಿ ಹೊರತಂದರು. ಆರ್ಮೇನಿಯದಿಂದ ವಲಸೆ ಬಂದವರ ಮನೆತನ ಅವರದು; ಕಥೆಗಾರ ವಿಲಿಯಂ ಸರೋಯನ್ ಅವರ ಸೋದರಸಂಬಂಧಿ. ಸಿನಿಮಾ ನೋಡುವ ಅಭ್ಯಾಸವಿರುವವರು ಹಿಚ್‌ಕಾಕನ ‘ರಿಯರ್ ವಿಂಡೋ’ ಚಿತ್ರದಲ್ಲಿ ಎದುರು ಮನೆಯಲ್ಲಿ ಪಿಯಾನೋ ಮುಂದೆ ಒದ್ದಾಡುವ ಸಂಗೀತಗಾರನನ್ನು ನೆನಪಿಸಿಕೊಳ್ಳಬಹುದು. ಆ ಪಾತ್ರ ಇವರದೇ.

ಅಳಿಲಿನ ಕಂಠ ಬಂದದ್ದು ಹೇಗೆ? ಉಪಾಯ ಬಹಳ ಸುಲಭ. ಟೇಪು ಯಂತ್ರವನ್ನು ಅರ್ಧ ವೇಗದಲ್ಲಿ ಓಡಿಸಿ, ತಾವೇ ಎಳೆದೆಳೆದು ನಿಧಾನವಾಗಿ ಹಾಡಿ ಮುದ್ರಿಸಿಕೊಂಡರು. ಆಮೇಲೆ ಅದನ್ನು ಪೂರ್ಣ ವೇಗದಲ್ಲಿ ನುಡಿಸಿದರು. ವೇಗ ಎರಡರಷ್ಟಾದರೆ ಶ್ರುತಿ ಒಂದು ಸ್ಥಾಯಿ ಮೇಲೇರುತ್ತದೆಯಷ್ಟೆ. ನಲವತ್ತರ ಹತ್ತಿರದ ಗೃಹಸ್ಥನ ದನಿ ಪುಟಾಣಿ ಪ್ರಾಣಿಯ ಕೀಚಲು ಗಾನವಾಯಿತು. ಕೈಯಲ್ಲಿ ಉಳಿದಿದ್ದ 200 ಡಾಲರುಗಳಲ್ಲಿ 190ನ್ನು ಕೊಟ್ಟು ಆ ಟೇಪು ಯಂತ್ರವನ್ನು ಕೊಂಡಿದ್ದರೆಂಬ ಕಥೆ ಪ್ರಚಲಿತವಾಗಿದೆ. ನಿಜವಾಗಿದ್ದರೆ ಮನೆಯೊಡತಿಯ ತಾಳ್ಮೆಗೂ ಒಂದು ಪಾರಿತೋಷಕ ಸಲ್ಲಬೇಕಾಗಿತ್ತು.

ಹಾಸ್ಯಕ್ಕೆ ಒಂದು, ಮಕ್ಕಳ ಧ್ವನಿಮುದ್ರಿಕೆಗೆ ಒಂದು, ಧ್ವನಿಗ್ರಹಣದ ಕುಶಲತೆಗೆ ಒಂದು. ಹೀಗೆ ಮೂರು ಗ್ರಾಮಿಗಳು ಅಳಿಲಿನ ಪಾಲಾದವು. ಮೂರನೆಯದು ಸಂದದ್ದು ಧ್ವನಿಗ್ರಾಹಕ ಟೆಡ್ ಕೀಪ್ ಅವರಿಗೆ. ಇಲ್ಲೊಂದು ಮೋಜು ನೋಡಿ. ಮೂರು ಅಳಿಲುಗಳ ಹೆಸರು ಆಲ್ವಿನ್, ಸೈಮನ್, ಥಿಯೊಡೋರ್. ತಟ್ಟೆಯನ್ನು ಹೊರತಂದ ಲಿಬರ್ಟಿ ಕಂಪನಿಯ ಹಿರಿಯರಿಬ್ಬರ ಮತ್ತು ಅಲ್ಲಿಯ ಧ್ವನಿಗ್ರಾಹಕರ ಹೆಸರುಗಳನ್ನೇ ಅವಕ್ಕೆ ಇಡಲಾಗಿತ್ತು. ಥಿಯೊಡೋರ್ ಎಂದರೆ ಈ ಟೆಡ್ ಕೀಪರೇ. ಹೀಗೆ ಅಳಿಲೊಂದು ತನ್ನ ಪಾರಿತೋಷಕವನ್ನು ತಾನೇ ಪಡೆದಂತಾಯಿತು. ಅಂದಿನ ಕೂಟದ ನಿರೂಪಕರು ಮಾರ್ಟ್ ಸಾಲ್ ಎಂಬ ಹೆಸರಾಂತ ವಿದೂಷಕರು. ಕೈಯಲ್ಲಿ ವೃತ್ತಪತ್ರಿಕೆ ಹಿಡಿದು ರಾಜಕಾರಣಿಗಳನ್ನು ಚುಚ್ಚುವುದು ಅವರ ಶೈಲಿ. ಹಾಸ್ಯದ ವಿಭಾಗದಲ್ಲಿ ಅವರ ತಟ್ಟೆಯೂ ಇತ್ತು. ಅದು ಅಳಿಲಿನ ಮುಂದೆ ಸೋತಿತು. ಅಳಿಲು ಸೇವೆಯ ಬಗ್ಗೆ ನಾವು ಕೇಳಿದ್ದೇವೆ. ಅಳಿಲಿನ ಸಾಮ್ರಾಜ್ಯ ಅಂದು ಅಮೆರಿಕದಲ್ಲಿ ಕಂಡಿತು.

ಅಳಿಲುಗಳ ತಟ್ಟೆ ಲಕ್ಷಗಟ್ಟಲೆ ಮಾರಿತ್ತು; ವರ್ಷದ ಕೊನೆಯಲ್ಲಿ ಜನಪ್ರಿಯತೆಯ ಪಟ್ಟಿಯ ತುದಿಯಲ್ಲಿತ್ತು. ಮಾರಾಟವನ್ನು ನೋಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದ್ದ ಅಕಾಡೆಮಿಯ ಕಣ್ಣು ಸ್ವಲ್ಪ ಅತ್ತ ಹೊರಳಿತೆ? ಹೊರಳಿದ್ದರೂ ಆಕ್ಷೇಪಿಸಲಾರೆ. ಧ್ವನಿಗ್ರಹಣದ ಪಾರಿತೋಷಕ ಮಾತ್ರ ನ್ಯಾಯವಾಗಿಯೇ ಸಂದಿತು ಎಂಬುದು ನನ್ನ ಎಣಿಕೆ. ತಟ್ಟೆ ಎಂಬುದು ನಡೆದ ಹಾಡನ್ನು ಹಿಡಿದಿಡುವ ಡಬ್ಬಿಯಷ್ಟೇ ಅಲ್ಲ, ಯಾವ ಕಂಠವೂ ಹಾಡಲಾರದ ಹಾಡನ್ನು ಹುಟ್ಟಿಸುವ ಯಂತ್ರವೂ ಆಗಬಲ್ಲುದು ಎಂಬುದನ್ನು ಬಗ್ದಸಾರಿಯನ್ ಮನೆಮನೆಯ ಮಕ್ಕಳಿಗೂ ತೋರಿಸಿಕೊಟ್ಟಿದ್ದರು.

ಇನ್ನು ಸಿನಾಟ್ರಾ ಅವರ ಪಾಡು. ಫ್ರ್ಯಾಂಕ್ ಸಿನಾಟ್ರಾ ಎಂದರೆ ಆ ಕಾಲದ ಅಮೆರಿಕದ ಗಾಯಕಸಾರ್ವಭೌಮ. ವರ್ಷದ ಗಾನಸಂಪುಟಕ್ಕೆ ಐದು ಸಂಪುಟಗಳು ಸ್ಪರ್ಧೆಯಲ್ಲಿದ್ದವು. ಐದರಲ್ಲಿ ಎರಡು ಇವರವೇ. ಪುರುಷ ಗಾಯಕರ ವಿಭಾಗದಲ್ಲಿ ಎರಡು ಸಲ ಹೆಸರಿತ್ತು, ವರ್ಷದ ಧ್ವನಿಮುದ್ರಿಕೆಯ ಸಾಲಿನಲ್ಲಿಯೂ ಇತ್ತು. ಗಾಯಕರ ಪಾರಿತೋಷಕವನ್ನು ಪೆರಿ ಕೋಮೋ ಒಯ್ದರು. ಗಾನಸಂಪುಟದ್ದು ಇನ್ನೊಬ್ಬರ ಪಾಲಾಯಿತು. ಕೊನೆಗೆ ಸಿನಾಟ್ರಾಗೆ ಸಿಕ್ಕಿದ್ದು ಒಂದೇ ಒಂದು ಗ್ರಾಮಿ, ಅದೂ ತಟ್ಟೆಯ ಹೊರಚೀಲದ ಚಿತ್ರಕ್ಕೆ! ‘ಓನ್ಲಿ ದ ಲೋನ್ಲಿ’ ಎಂಬ ಸಂಪುಟದ ಹೊದಿಕೆಯಲ್ಲಿ ಅವರನ್ನು ಕಣ್ಣೀರಿನ ಹನಿಯಿರುವ ಸರ್ಕಸ್ ವಿದೂಷಕನಂತೆ ಚಿತ್ರಿಸಲಾಗಿತ್ತು. ಆ ಹೊದಿಕೆಯ ಕಲಾನಿರ್ದೇಶನಕ್ಕೆ ಸಂದ ಗೌರವ ಅದು. ಒಳಗಿನ ಹಾಡುಗಳು ಒಂಟಿತನವನ್ನು ಕುರಿತ, ಅವರ ಜೀವಮಾನದ ಅತ್ಯುತ್ತಮ ಗಾಯನಗಳಲ್ಲಿ ಸೇರುವಂಥವು. ಗ್ರಂಥವನ್ನು ಪಕ್ಕಕ್ಕಿಟ್ಟು ರಟ್ಟಿಗೆ ಶಾಲು ಹೊದಿಸಿದಂತಾಯಿತು. ಸಮಾಧಾನದ ಸಂಗತಿಯೆಂದರೆ, ಎರಡನೆಯ ಸಮಾರಂಭ ಅದೇ 1959ರ ನವೆಂಬರಿನಲ್ಲಿಯೇ ನಡೆದು, ಅಲ್ಲಿ ‘ಕಮ್ ಡಾನ್ಸ್ ವಿತ್ ಮಿ’ ಸಂಪುಟಕ್ಕಾಗಿ ವರ್ಷದ ಗಾನಸಂಪುಟದ ಗೌರವವೂ ಗಾಯಕನ ಗೌರವವೂ ಅವರಿಗೆ ಬಂದವು. ಆರು ತಿಂಗಳಲ್ಲಿ ಅಕಾಡೆಮಿಗೆ ನಾಚಿಕೆಯಾಯಿತೋ ಏನೋ.

ಪಟ್ಟಿಯಲ್ಲಿ ಯಾವ ಚರ್ಚೆಗೂ ಎಡೆಯಿಲ್ಲದ ಎರಡು ಹೆಸರುಗಳೆಂದರೆ ಎಲಾ ಫಿಟ್ಸ್‌ಜೆರಾಲ್ಡ್ ಮತ್ತು ಕೌಂಟ್ ಬೇಸಿ. ಇಬ್ಬರಿಗೂ ಎರಡೆರಡು. ಎಲಾ ಅವರು ಅರ್ವಿಂಗ್ ಬರ್ಲಿನರ ಹಾಡುಗಳ ಸಂಪುಟಕ್ಕಾಗಿ ಅತ್ಯುತ್ತಮ ಗಾಯಕಿ ಎನಿಸಿದರು. ಡ್ಯೂಕ್ ಎಲಿಂಗ್ಟನರ ಕೃತಿಗಳ ಸಂಪುಟಕ್ಕಾಗಿ ಜಾಜ್ ವಿಭಾಗದ ಗೌರವ ಪಡೆದರು. ಬಡತನದಲ್ಲಿ ಬೆಳೆದು, ಹದಿನೇಳರ ವಯಸ್ಸಿನಲ್ಲಿ 1934ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನ ಅಪೊಲೊ ರಂಗಮಂದಿರದಲ್ಲಿ ಹವ್ಯಾಸಿಗಳ ಸ್ಪರ್ಧೆಗೆ ನೃತ್ಯ ಮಾಡಲು ಹೋಗಿ, ಧೈರ್ಯ ಸಾಲದೆ ಹಾಡಿ ಗೆದ್ದವರು ಆಕೆ. ಒಬ್ಬ ವಾಗ್ಗೇಯಕಾರನ ಕೃತಿಗಳನ್ನು ಆರಿಸಿ, ಅವನ ಮನಸ್ಸನ್ನು ಅರಿತು, ಒಂದು ಸಂಪುಟವಾಗಿ ಹಾಡುವ ಕ್ರಮ ನಮಗೆ ಹೊಸದಲ್ಲ. ತ್ಯಾಗರಾಜರ ದಿನ, ಪುರಂದರದಾಸರ ದಿನ ಎಂದು ನಾವು ಮಾಡುವುದೂ ಅದೇ. ಬೇಸಿ ಅವರ ವಾದ್ಯವೃಂದಕ್ಕೆ ಜಾಜ್ ತಂಡದ ಗೌರವ, ನೃತ್ಯವೃಂದದ ಗೌರವ. ಗ್ರಾಮಿ ಗೆದ್ದ ಮೊದಲ ಕಪ್ಪು ವರ್ಣೀಯರು ಇವರಿಬ್ಬರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅಂಥದೇ ಹೋಟೆಲಿನ ಪಂಕ್ತಿಯಲ್ಲಿ ಅವರು ಕುಳಿತು ಊಟ ಮಾಡುವಂತಿರಲಿಲ್ಲ. ಆ ಅನ್ಯಾಯ ಕಾನೂನಿನಿಂದ ತೊಲಗಲು 1964 ಬರಬೇಕಾಯಿತು.

ಶಾಸ್ತ್ರೀಯ ಸಂಗೀತದಲ್ಲಿ ಸ್ಪೇನಿನ ಗಿಟಾರ್ ವಿದ್ವಾಂಸ ಸೆಗೋವಿಯ, ಇಟಲಿಯ ಗಾಯಕಿ ರೆನಾಟ ತೆಬಾಲ್ದಿ ಮೊದಲಾದವರಿಗೆ ಗೌರವ ಸಂದಿತು. ಜನರ ನಾಲಿಗೆಯ ಮೇಲಿದ್ದ ಹೆಸರು ಮಾತ್ರ ವ್ಯಾನ್ ಕ್ಲೈಬರ್ನ್. ಸೋವಿಯತ್ ರಷ್ಯ ಸ್ಪುಟ್ನಿಕ್ ಹಾರಿಸಿ ಅಮೆರಿಕದ ಮುಖ ಬಾಡಿದ್ದ ಕಾಲದಲ್ಲಿ, 23 ವರ್ಷದ ಈ ತರುಣ 1958ರ ಏಪ್ರಿಲಿನಲ್ಲಿ ಮಾಸ್ಕೋಗೇ ಹೋಗಿ ಚೈಕೋವ್‌ಸ್ಕಿ ಸ್ಪರ್ಧೆಯನ್ನು ಗೆದ್ದು ಬಂದಿದ್ದರು. ನ್ಯೂಯಾರ್ಕಿನ ಬೀದಿಯಲ್ಲಿ ಕಾಗದದ ಚೂರುಗಳ ಮಳೆಗರೆದು ಅವರನ್ನು ಮೆರವಣಿಗೆ ಮಾಡಿದರು. ಅವರು ನುಡಿಸಿದ ಚೈಕೋವ್‌ಸ್ಕಿ ಕೃತಿಯ ತಟ್ಟೆಗೆ ಗ್ರಾಮಿ ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗಕ್ಕೆ ಬರುತ್ತೇನೆ. ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸಲು ಮರದ ಗೂಡುಗಳಿರುತ್ತವೆ. ಯಾವ ಊರಿಗೆ ಗೂಡಿಲ್ಲವೋ ಆ ಊರಿನ ಕಾಗದ ಬೇರೆ ಯಾವುದಾದರೂ ಗೂಡಿಗೆ ಬೀಳಬೇಕು, ಇಲ್ಲವೇ ನೆಲಕ್ಕೆ. ಅಕಾಡೆಮಿಯ 28 ಗೂಡುಗಳ ಕಥೆಯೂ ಹಾಗೆಯೇ ಆಯಿತು.

‘ಟಾಮ್ ಡೂಲಿ’ ಎಂಬ ಹಾಡನ್ನು ನೋಡಿ. ಉತ್ತರ ಕ್ಯಾರೊಲಿನದಲ್ಲಿ ಕೊಲೆಯ ಆರೋಪದ ಮೇಲೆ 1868ರಲ್ಲಿ ಗಲ್ಲಿಗೇರಿದವನೊಬ್ಬನನ್ನು ಕುರಿತ ಜನಪದ ಲಾವಣಿ ಅದು. ಕಿಂಗ್‌ಸ್ಟನ್ ಟ್ರಿಯೊ ಎಂಬ ಮೂವರು ತರುಣರು ಅದನ್ನು ಹಾಡಿ ನಾಡಿಗೆ ನಾಡನ್ನೇ ಜನಪದ ಗೀತೆಯ ಕಡೆಗೆ ತಿರುಗಿಸಿದರು. ಜನಪದ ಗೀತೆಗೆ ಗೂಡಿರಲಿಲ್ಲವಾಗಿ ಅವರನ್ನು ಕುದುರೆ ಸವಾರರ, ಹಳ್ಳಿಗಾಡಿನವರ ‘ಕಂಟ್ರಿ’ ಸಂಗೀತದ ಗೂಡಿನಲ್ಲಿಟ್ಟು ಪಾರಿತೋಷಕ ಕೊಟ್ಟರು. ಮುಂದಿನ ಸಮಾರಂಭದ ವೇಳೆಗೆ ಜನಪದಕ್ಕೆ ಬೇರೆ ಗೂಡನ್ನೇ ಮಾಡಿ ಅದನ್ನೂ ಅವರಿಗೇ ಕೊಟ್ಟರು.

ಇನ್ನೊಂದು ‘ರಿದಮ್ ಅಂಡ್ ಬ್ಲೂಸ್’ ಎಂಬ ಗೂಡು. ಕಪ್ಪು ಜನಾಂಗದ ನಗರವಾಸಿಗಳು ಬೆಳೆಸಿದ ಸಂಗೀತಕ್ಕೆ ವ್ಯಾಪಾರಿಗಳು ಕೊಟ್ಟ ಹೆಸರದು. ಆ ಗೂಡಿನ ಪಾರಿತೋಷಕ ಹೋದದ್ದು ಚಾಂಪ್ಸ್ ಎಂಬ ತಂಡದ ‘ಟಕೀಲ’ಕ್ಕೆ. ಸ್ಯಾಕ್ಸೊಫೋನಿನ ಮೇಲೆ ನುಡಿಸಿದ ಗತ್ತಿನ ವಾದ್ಯಸಂಗೀತ. ಮಾತು ಎಂದರೆ ಹೆಂಡದ ಹೆಸರಾದ ‘ಟಕೀಲ’ ಎಂಬ ಒಂದೇ ಪದ. ತಟ್ಟೆಯ ಹಿಂಬದಿಯನ್ನು ತುಂಬಲು ನುಡಿಸಿದ್ದು, ಮುಂಬದಿಯನ್ನು ಮೀರಿಸಿ ಓಡಿತು. ಕಿವಿಗೆ ಇಂಪಾಗಿಯೇ ಇದೆ, ಇಲ್ಲವೆನ್ನುವುದಿಲ್ಲ. ಆದರೆ ತಂಡದವರು ಕಪ್ಪು ವರ್ಣೀಯರಲ್ಲ. ಆ ಸಂಗೀತವನ್ನು ಹುಟ್ಟಿಸಿ ಬೆಳೆಸಿದವರು ಹೊರಗುಳಿದರು.

ಯಾರು ಹಾಗೆ ಹೊರಗುಳಿದವರು? 1958ರಲ್ಲಿಯೇ ಚಿಕಾಗೋದ ಚೆಸ್ ಎಂಬ ಸಣ್ಣ ಕಂಪನಿಯಿಂದ ಚಕ್ ಬೆರಿ ಅವರ ‘ಜಾನಿ ಬಿ. ಗುಡ್’ ಬಂದಿತ್ತು. ರಾಕ್ ಅಂಡ್ ರೋಲ್ ಎಂಬ ಹೊಸ ಸಂಗೀತಕ್ಕೆ ಅದು ಕೈಪಿಡಿಯೇ ಎನ್ನಬಹುದು. ಆಮೇಲೆ ಗಿಟಾರ್ ಹಿಡಿದವರಲ್ಲಿ ಅದರ ಋಣ ಇಲ್ಲದವರು ಕಡಿಮೆ. ಪಟ್ಟಿಯಲ್ಲಿ ಅದರ ಸುಳಿವಿಲ್ಲ. ಎಲ್ವಿಸ್ ಪ್ರೆಸ್ಲಿ ಆಗ ಸೈನಿಕನಾಗಿ ಜರ್ಮನಿಯಲ್ಲಿದ್ದರು. ಅವರ ಹಾಡುಗಳ ಸುಳಿವೂ ಇಲ್ಲ. 22 ವರ್ಷದ ಬಡ್ಡಿ ಹಾಲಿ ಸಮಾರಂಭಕ್ಕೆ ಮೂರು ತಿಂಗಳ ಮೊದಲು, ಫೆಬ್ರುವರಿ 3ರಂದು, ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರು. ಅವರ ಹೆಸರೂ ಇಲ್ಲ. ದೇಶದ ಅರ್ಧಕ್ಕರ್ಧ ತರುಣರು ಕೇಳುತ್ತಿದ್ದ ಸಂಗೀತಕ್ಕೆ ಒಂದು ಗೂಡೂ ಇರಲಿಲ್ಲ. ಇದು ಮರೆವೆಂದು ನನಗೆ ತೋರದು. ಮತ ಹಾಕಿದವರು ದೊಡ್ಡ ಕಂಪನಿಗಳ ವಾದ್ಯವೃಂದಗಳಲ್ಲಿ, ಸುಸಂಸ್ಕೃತ ಗಾಯಕರ ನೆರಳಿನಲ್ಲಿ ಬೆಳೆದವರು. ರಾಕ್ ಎಂಬುದು ಸಣ್ಣ ಕಂಪನಿಗಳ ಸರಕು, ಹುಡುಗರ ಗಲಾಟೆ, ಇಂದು ಬಂದು ನಾಳೆ ಹೋಗುವ ಜ್ವರ ಎಂಬುದು ಅವರಲ್ಲಿ ಅನೇಕರ ಎಣಿಕೆ. ತಮ್ಮ ಮನೆಯ ಬಾಗಿಲನ್ನು ಅವರು ಸಭ್ಯವಾಗಿ ಮುಚ್ಚಿಕೊಂಡರು.

ಹನ್ನೆರಡನೆಯ ಶತಮಾನದ ನಮ್ಮ ಆಸ್ಥಾನಗಳ ನೆನಪು ಬರುತ್ತದೆ. ಚಂಪೂ ಬರೆದವನಿಗೆ ಕೊಡಲು ಬಿರುದುಗಳಿದ್ದವು. ಕಲ್ಯಾಣದಲ್ಲಿ ಹೊಸದಾಗಿ ಕೇಳಿಬರುತ್ತಿದ್ದ ವಚನವನ್ನು ಯಾವ ಗೂಡಿನಲ್ಲಿಡುವುದೆಂದು ಯಾವ ಆಸ್ಥಾನಕ್ಕೂ ತಿಳಿದಿರಲಿಲ್ಲ.

ಆದರೂ ಮುಚ್ಚಿದ ಬಾಗಿಲಿನ ಸಂದಿಯಿಂದ ಗಾಳಿ ಬಂದೇ ಬರುತ್ತದೆ. ವರ್ಷದ ಗಾನಸಂಪುಟವೆಂದು ಗೆದ್ದದ್ದು ಹೆನ್ರಿ ಮ್ಯಾನ್ಸಿನಿ ಅವರ ‘ಪೀಟರ್ ಗನ್’ ಸಂಗೀತ. ಅದು ದೂರದರ್ಶನದ ಒಂದು ಪತ್ತೇದಾರಿ ಧಾರಾವಾಹಿಗೆ ಮಾಡಿದ ಸಂಗೀತ. ಸಿನಾಟ್ರಾ, ಎಲಾ, ಕ್ಲೈಬರ್ನ್ ಮೂವರನ್ನೂ ಅದು ಸೋಲಿಸಿತು. ಕೆಳದನಿಯಲ್ಲಿ ಒಂದೇ ಸ್ವರಗುಚ್ಛ ಬಿಡದೆ ಸುತ್ತುತ್ತಿರುತ್ತದೆ, ಕತ್ತಲ ಓಣಿಯಲ್ಲಿ ಯಾರೋ ಹಿಂಬಾಲಿಸುತ್ತಿರುವಂತೆ. ಅದರ ಮೇಲೆ ಕಹಳೆಗಳು ಅರಚುತ್ತವೆ. ಎಲ್ಲರೂ ಅದನ್ನು ಜಾಜ್ ಎಂದು ಹೊಗಳಿದರು. ಮ್ಯಾನ್ಸಿನಿ ಮಾತ್ರ ತಮ್ಮ ಆತ್ಮಕಥೆಯಲ್ಲಿ, ಆ ಮುಖ್ಯ ರಾಗ ಜಾಜ್‌ಗಿಂತ ರಾಕ್ ಅಂಡ್ ರೋಲಿಗೇ ಹೆಚ್ಚು ಹತ್ತಿರವೆಂದು ಹೇಳಿಕೊಂಡಿದ್ದಾರೆ! ಮುಂಬಾಗಿಲಲ್ಲಿ ತಡೆದ ಅತಿಥಿಯನ್ನು ಹಿತ್ತಲಿನಿಂದ ಕರೆದು ಮೊದಲ ಪಂಕ್ತಿಯಲ್ಲಿ ಕೂರಿಸಿದ್ದು ಯಾರಿಗೂ ತಿಳಿಯಲಿಲ್ಲ. ಅದರಲ್ಲಿ ಪಿಯಾನೋ ನುಡಿಸಿದ 26ರ ತರುಣ ಜಾನ್ ವಿಲಿಯಮ್ಸ್. ಮುಂದೆ ‘ಸ್ಟಾರ್ ವಾರ್ಸ್’ ಚಿತ್ರದ ಸಂಗೀತದಿಂದ ಲೋಕಪ್ರಸಿದ್ಧರಾದವರು ಅವರೇ.

ರಾಕ್ ಅಂಡ್ ರೋಲಿಗೆ ಒಂದು ಗೂಡು ದೊರೆತದ್ದು 1962ರ ಸಮಾರಂಭದಲ್ಲಿ. ಎಲ್ವಿಸ್ ತಮ್ಮ ಜೀವಮಾನದಲ್ಲಿ ಸ್ಪರ್ಧೆಯಲ್ಲಿ ಗೆದ್ದದ್ದು ಮೂರೇ ಗ್ರಾಮಿ, ಮೂರೂ ಕ್ರೈಸ್ತ ಭಕ್ತಿಗೀತೆಗಳಿಗೆ. ಚಕ್ ಬೆರಿ ಅವರಿಗೆ ಜೀವಮಾನ ಸಾಧನೆಯ ಗೌರವವೆಂದು 1984ರಲ್ಲಿ ಕರೆದು ಕೊಟ್ಟರು. ಅಷ್ಟರೊಳಗೆ ‘ಜಾನಿ ಬಿ. ಗುಡ್’ ಸೌರಮಂಡಲದ ಅಂಚಿನ ಕಡೆಗೆ ಹೊರಟು ಏಳು ವರ್ಷವಾಗಿತ್ತು! 1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಭೂಮಿಯ ಸಂಗೀತವೆಂದು ಕಳುಹಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಅದೂ ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯಿದೆ; ನಮ್ಮ ಮಲ್ಲಿಕಾರ್ಜುನ ಮನಸೂರರು ಹಾಡಿದ ಜೈಪುರ ಘರಾಣೆಯ ಮಹಾಗಾಯಕಿ ಆಕೆ.

ಗೂಡಿಲ್ಲದ ಅಸಮಾಧಾನ ಅಮೆರಿಕದವರ ಸೊತ್ತೇನೂ ಅಲ್ಲ. ಮುಂಬಯಿಯ ಫಿಲಂಫೇರ್ ಪ್ರಶಸ್ತಿಗಳು 1954ರಲ್ಲಿ ಆರಂಭವಾದಾಗ ಸಂಗೀತ ನಿರ್ದೇಶಕರಿಗೆ ಬಹುಮಾನವಿತ್ತು, ಹಿನ್ನೆಲೆ ಗಾಯಕರಿಗಿರಲಿಲ್ಲ. ‘ಚೋರಿ ಚೋರಿ’ ಚಿತ್ರಕ್ಕಾಗಿ ಶಂಕರ್-ಜೈಕಿಶನ್ನರಿಗೆ ಪ್ರಶಸ್ತಿ ಬಂದಾಗ, ಸಮಾರಂಭದಲ್ಲಿ ಆ ಚಿತ್ರದ ಹಾಡನ್ನು ಹಾಡಲು ಲತಾ ಮಂಗೇಶ್ಕರ್ ಒಪ್ಪಲಿಲ್ಲ. ಬಹುಮಾನ ರಾಗಕ್ಕೆ ತಾನೆ, ವಾದ್ಯಗಳೇ ನುಡಿಸಲಿ ಎಂಬುದು ಅವರ ವಾದದ ತಿರುಳು. ಗಾಯಕರಿಗೂ ಗೂಡಾಯಿತು. ಅದರ ಮೊದಲ ಪ್ರಶಸ್ತಿ, ‘ಮಧುಮತಿ’ಯ ಹಾಡಿಗಾಗಿ, ಸಂದದ್ದು ಅವರಿಗೇ, ವರ್ಷ ಇದೇ 1959.

ಗ್ರಾಮಿ ಗೆದ್ದ ಮೊದಲ ಭಾರತೀಯರು ರವಿಶಂಕರ್; 1968ರ ಫೆಬ್ರುವರಿ 29ರಂದು, ಯೆಹುದಿ ಮೆನುಹಿನ್ ಅವರೊಡನೆ ನುಡಿಸಿದ ‘ವೆಸ್ಟ್ ಮೀಟ್ಸ್ ಈಸ್ಟ್’ ಸಂಪುಟಕ್ಕೆ. ಯಾವ ಗೂಡು? ಯೂರೋಪಿನ ಶ್ರೀಮಂತರ ಅಂತಃಪುರಗಳಿಗೆಂದು ಹುಟ್ಟಿದ ‘ಚೇಂಬರ್’ ಸಂಗೀತದ ಗೂಡು! ಸಿತಾರು ಅಲ್ಲಿ ಕುಳಿತು ಏನು ಯೋಚಿಸಿತೋ. ಅನ್ಯ ದೇಶಗಳ ಸಂಗೀತಕ್ಕೆ ‘ವರ್ಲ್ಡ್ ಮ್ಯೂಸಿಕ್’ ಎಂಬ ಗೂಡು ಬಂದದ್ದು 1992ರ ಸಮಾರಂಭದಲ್ಲಿ. ಮೊದಲ ವರ್ಷ ಅದನ್ನು ಗೆದ್ದ ‘ಪ್ಲಾನೆಟ್ ಡ್ರಮ್’ ಸಂಪುಟದಲ್ಲಿ ಜಾಕಿರ್ ಹುಸೇನರ ತಬಲವೂ ವಿಕ್ಕು ವಿನಾಯಕರಾಮ್ ಅವರ ಘಟವೂ ಇದ್ದವು. ಬೆಂಗಳೂರಿನಲ್ಲಿ ಬೆಳೆದು, ದಂತವೈದ್ಯ ಪದವಿ ಪಡೆದು, ಹಲ್ಲನ್ನು ಬಿಟ್ಟು ಸ್ವರವನ್ನು ಹಿಡಿದ ರಿಕ್ಕಿ ಕೇಜ್ 2015ರಲ್ಲಿ ಮತ್ತು 2022ರಲ್ಲಿ ಗೆದ್ದದ್ದು ‘ನ್ಯೂ ಏಜ್’ ಎಂಬ ಇನ್ನೊಂದು ಗೂಡಿನಲ್ಲಿ. 2023ರಲ್ಲಿ ಅವರಿಗೆ ಮೂರನೆಯದು ಬಂದಿತು. ಅದು ಕೇಳುಗರನ್ನು ಸುತ್ತಮುತ್ತ ಆವರಿಸುವಂತೆ ಧ್ವನಿಯನ್ನು ಹೂಡುವ ತಂತ್ರಕ್ಕೆ. ಟೆಡ್ ಕೀಪರ ಅಳಿಲಿನ ವಂಶ ಬೆಳೆದು ಇಲ್ಲಿಯವರೆಗೆ ಬಂದಿದೆ ಎನ್ನೋಣವೆ? ಈ ನಡುವೆ ಗೂಡುಗಳು 28ರಿಂದ ಬೆಳೆಬೆಳೆದು 2011ರಲ್ಲಿ 109 ಆಗಿ, ಅಕಾಡೆಮಿಯೇ ಗಾಬರಿಗೊಂಡು ಮರುವರ್ಷ 78ಕ್ಕೆ ಇಳಿಸಿತು. ಗೂಡು ಕಳೆದುಕೊಂಡವರು ಗಲಾಟೆ ಮಾಡಿದರು. ಮತ್ತೆ ಮೆಲ್ಲಮೆಲ್ಲನೆ ಏರುತ್ತಿದೆ.

1959ರ ಈ ತಟ್ಟೆಗಳನ್ನೆಲ್ಲ ಈಗ ಮನೆಯಲ್ಲಿ ಕುಳಿತೇ ಕೇಳಬಹುದು; ಕೈಯಲ್ಲಿರುವ ದೂರವಾಣಿಯೇ ಗ್ರಾಮಫೋನಾಗಿದೆ. ಕುತೂಹಲವಿರುವ ವಾಚಕರು ಎಲಾ ಅವರ ಎಲಿಂಗ್ಟನ್ ಸಂಪುಟದಿಂದ ಆರಂಭಿಸಬಹುದು; ಅವಸರ ಬೇಡ, ಒಂದು ಭಾನುವಾರದ ಮಧ್ಯಾಹ್ನ ಬೇಕು. ಆಮೇಲೆ ‘ಪೀಟರ್ ಗನ್’, ‘ವೊಲಾರೆ’, ಬಹುಮಾನ ಬಾರದ ‘ಫೀವರ್’. ಸಿನಾಟ್ರಾ ಅವರ ‘ಓನ್ಲಿ ದ ಲೋನ್ಲಿ’ಯನ್ನು ದೀಪ ಆರಿಸಿ ಕೇಳಬೇಕು, ಹೊದಿಕೆಯನ್ನು ನೋಡದಿದ್ದರೂ ನಷ್ಟವಿಲ್ಲ. ಅಳಿಲುಗಳನ್ನು ಮಾತ್ರ ಕಟ್ಟಕಡೆಗೆ ಇಟ್ಟುಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಒಮ್ಮೆ ಅದನ್ನು ಹಾಕಿದರೆ, ಅಂದು ಬೇರೆ ಯಾವುದನ್ನೂ ಕೇಳಲು ಅವು ಬಿಡುವುದಿಲ್ಲ.